ಅಟ್ಲಾಂಟಿಕ್ ಹೆಪ್ಪುಗಟ್ಟಿದಾಗ ಅರಬ್ಬೀ ಕಡಲಿಗೆ ಏನಾಯ್ತು? ಕೆಸರಿನ ಕೋರ್‌ನಲ್ಲಿ ಯಂಗರ್ ಡ್ರಯಾಸ್ ಹುಡುಕೋದು ಹೇಗೆ?

ಕೆಸರುಕೋಲು

ಪ್ರಶ್ನೆ ನೇರವಾಗಿ ಕೇಳ್ತೀನಿ. ಸುಮಾರು 12,900 ವರ್ಷಗಳ ಹಿಂದೆ ಶುರುವಾಗಿ 11,700ರ ಹೊತ್ತಿಗೆ ಮುಗಿದ ಯಂಗರ್ ಡ್ರಯಾಸ್ ಚಳಿ, ಗ್ರೀನ್‌ಲ್ಯಾಂಡ್ ಹಿಮದಲ್ಲಿ ಗೋಡೆ ಕಟ್ಟಿದ ಹಾಗೆ ಎದ್ದು ಕಾಣುತ್ತೆ. ಈಗ ಕಾರವಾರ–ಮಂಗಳೂರಿನ ನೇರಕ್ಕೆ, ಆಚೆ ಕಡಲಲ್ಲಿ 1,800 ಮೀಟರ್ ಆಳದಿಂದ ತೆಗೆದ ಕೋರ್ (ತಳದ ಕೆಸರಿನ ಕೊಳವೆಯಾಕಾರದ ಉದ್ದ ತುಂಡು) ಒಂದಿದೆ ಅಂತಿಟ್ಕೊಳ್ಳಿ. 2 ಸೆಂ.ಮೀ.ಗೆ ಒಂದರಂತೆ ಸ್ಯಾಂಪಲ್. ಫೊರಾಮ್ (ಸುಣ್ಣದ ಚಿಪ್ಪಿನ ಏಕಕೋಶ ಜೀವಿ) ಚಿಪ್ಪಿನ ಮೆಗ್ನೀಸಿಯಂ–ಕ್ಯಾಲ್ಸಿಯಂ ಅನುಪಾತದಿಂದ ಲೆಕ್ಕ ಹಾಕಿದ ಮೇಲ್ಮೈ ತಾಪಮಾನ ಆ ಅವಧಿಯಲ್ಲಿ 1 ಡಿಗ್ರಿಯೂ ಇಳಿಯೋದಿಲ್ಲ. ಹಾಗಾದ್ರೆ ಆ ಚಳಿ ನಮ್ಮ ಕಡೆ ತಲುಪಲೇ ಇಲ್ಲ ಅಂತ ಬರೆಯಬಹುದಾ? ಅಥವಾ ನೋಡುವ ಜಾಗವೇ ತಪ್ಪಾ?

ಹಿಮಗಣಕ

ಜಾಗ ತಪ್ಪಲ್ಲ, ಕೇಳ್ತಿರೋ ಪ್ರಶ್ನೆ ತಪ್ಪು. ಗ್ರೀನ್‌ಲ್ಯಾಂಡ್‌ನ ಅಳತೆಗೋಲನ್ನು ಉಷ್ಣವಲಯದ ಕಡಲಿಗೆ ತರಬಾರದು.

ಅಲ್ಲಿ ಯಂಗರ್ ಡ್ರಯಾಸ್ ಮುಗಿದಾಗ ಕೆಲವೇ ದಶಕಗಳಲ್ಲಿ ಸುಮಾರು 10 ಡಿಗ್ರಿ ಏರಿತು. ಬೀಳುವ ಹಿಮದ ಪ್ರಮಾಣ ಅದಕ್ಕಿಂತಲೂ ಬೇಗ ಇಮ್ಮಡಿಯಾಯಿತು. ಇದು ಬರೀ ಆಮ್ಲಜನಕದ ಐಸೋಟೋಪ್ (ಒಂದೇ ಧಾತುವಿನ ಹಗುರ–ಭಾರ ರೂಪ) ನಂಬಿ ಹೇಳೋ ಮಾತಲ್ಲ. ಹಿಮದ ಮೇಲ್ಪದರ ಏಕಾಏಕಿ ಬಿಸಿಯಾದಾಗ ಅದರೊಳಗಿನ ಗಾಳಿಯಲ್ಲಿ ಭಾರದ ಸಾರಜನಕ ತಣ್ಣನೆಯ ಕೆಳಗಿನ ತುದಿಗೆ ಸರಿಯುತ್ತೆ. ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಸಾರಜನಕ-15 ಅಳೆದು ಏರಿಕೆ ಎಷ್ಟು ಡಿಗ್ರಿ ಅಂತ ಸ್ವತಂತ್ರವಾಗಿ ಪರೀಕ್ಷಿಸಿದ್ದಾರೆ. ಗ್ರೀನ್‌ಲ್ಯಾಂಡ್‌ನ ನಾರ್ತ್ ಗ್ರಿಪ್ ಹಿಮದ ಕೋರ್‌ನಲ್ಲಿ 1492.45 ಮೀಟರ್ ಆಳದ ಗೆರೆಯೇ ಇವತ್ತು ಹೋಲೊಸೀನ್ (ಹಿಮಯುಗ ಮುಗಿದ ಮೇಲಿನ ಈಗಿನ) ಯುಗದ ಅಧಿಕೃತ ಬುಡ.

ಆದರೆ ಆ 10 ಡಿಗ್ರಿಯಲ್ಲಿ ಹೆಚ್ಚಿನ ಪಾಲು ಚಳಿಗಾಲದ್ದು. ಉತ್ತರ ಅಟ್ಲಾಂಟಿಕ್ ಮೇಲೆ ಕಡಲಹಿಮ ಕವಿದರೆ, ನೀರಿನ ಶಾಖ ಗಾಳಿಗೆ ಸಿಗೋದು ನಿಂತು ಚಳಿಗಾಲ ಸೈಬೀರಿಯಾದ ಹಾಗಾಗುತ್ತೆ. ಬೇಸಿಗೆ ಅಷ್ಟಾಗಿ ಬದಲಾಗೋದಿಲ್ಲ. ಹಿಮ ಇಲ್ಲದ ಅರಬ್ಬೀ ಸಮುದ್ರಕ್ಕೆ ಈ ಮುಚ್ಚಳದ ಆಟ ಅನ್ವಯಿಸೋದೇ ಇಲ್ಲ.

ಇನ್ನೊಂದು ವಿಷಯ. ಆಗ ಇಡೀ ಭೂಮಿ ತಣ್ಣಗಾಗಿರಲಿಲ್ಲ. ಅದೇ ಅವಧಿಯಲ್ಲಿ ಅಂಟಾರ್ಕ್ಟಿಕಾ ಬಿಸಿಯಾಗ್ತಿತ್ತು, ಗಾಳಿಯ ಇಂಗಾಲದ ಡೈಆಕ್ಸೈಡ್ ಹತ್ತಿರ ಹತ್ತಿರ 240ರಿಂದ 265 ಪಿಪಿಎಂಗೆ ಏರ್ತಿತ್ತು. ಇಳಿದದ್ದು ಮೀಥೇನ್. ಉಷ್ಣವಲಯದ ಜೌಗು ಒಣಗಿದ್ದಕ್ಕೆ ಅದು ಸಾಕ್ಷಿ. ನಿಮ್ಮ ಕಡಲಿಗೆ ಸಂಬಂಧಪಟ್ಟ ಸುದ್ದಿ ಹಿಮದಲ್ಲಿರೋದು ಅಲ್ಲಿ.

ಪಡುಗಾಳಿ

ಮೂಲದಿಂದ ಶುರು ಮಾಡೋಣ, ಇಲ್ಲದಿದ್ದರೆ ಕೊಂಡಿ ತಪ್ಪುತ್ತೆ.

ಎಲ್ಲರೂ ಅಮಾಕ್ ಅಂತ ಕರೆಯೋ ಅಟ್ಲಾಂಟಿಕ್‌ನ ಚಕ್ರಹರಿವು ಹೀಗೆ: ಬೆಚ್ಚಗಿನ ಉಪ್ಪುನೀರು ಮೇಲ್ಮೈಯಲ್ಲಿ ಉತ್ತರಕ್ಕೆ ಹೋಗುತ್ತೆ, ಅಲ್ಲಿ ತಣ್ಣಗಾಗಿ, ಭಾರವಾಗಿ ಮುಳುಗುತ್ತೆ, ಆಳದಲ್ಲಿ ದಕ್ಷಿಣಕ್ಕೆ ಮರಳುತ್ತೆ. ಇವತ್ತು 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸುಮಾರು 17 ಸ್ವೆರ್‌ಡ್ರಪ್, ಅಂದರೆ ಸೆಕೆಂಡಿಗೆ 1.7 ಕೋಟಿ ಘನ ಮೀಟರ್. 2004ರಿಂದ ಅಲ್ಲಿ ನಿರಂತರ ಅಳತೆ ನಡೀತಿದೆ.

ಇದರ ದೌರ್ಬಲ್ಯ ಎಲ್ಲಿ? ನೀರು 8 ಡಿಗ್ರಿಯಿಂದ 2 ಡಿಗ್ರಿಗೆ ಆರಿದರೆ ಘನ ಮೀಟರಿಗೆ ಸುಮಾರು 0.7 ಕೆ.ಜಿ. ಭಾರ ಹೆಚ್ಚುತ್ತೆ. ಉಪ್ಪು 1 ಯೂನಿಟ್ (ಕಿಲೋ ನೀರಿಗೆ ಸುಮಾರು 1 ಗ್ರಾಂ) ಕಡಿಮೆಯಾದರೆ ಸುಮಾರು 0.8 ಕೆ.ಜಿ. ಹಗುರಾಗುತ್ತೆ. ಅಂದ್ರೆ ಒಂದೇ ಒಂದು ಯೂನಿಟ್ ಸಿಹಿಯಾದರೆ 6 ಡಿಗ್ರಿ ಆರಿದ್ದೆಲ್ಲ ನೀರಲ್ಲಿ ಹೋಮ. ತಣ್ಣೀರಲ್ಲಿ ಉಪ್ಪಿನ ಮಾತೇ ನಡೆಯೋದು. ಉತ್ತರ ಅಮೆರಿಕದ ಹಿಮಹಾಸು ಕರಗಿದ ಸಿಹಿನೀರು ಮುಳುಗುವ ಜಾಗಕ್ಕೆ ಸೇರಿದರೆ ಚಕ್ರ ನಿಧಾನವಾಗುತ್ತೆ.

ಆ ನೀರು ಯಾವ ದಾರಿಯಲ್ಲಿ ಬಂತು ಅನ್ನೋದು ಹಳೇ ಜಗಳ. 1980ರ ದಶಕದಲ್ಲಿ ಸೇಂಟ್ ಲಾರೆನ್ಸ್ ಕಣಿವೆ ಅಂತಿದ್ರು, ಈಚೆಗೆ ಮ್ಯಾಕೆಂಜಿ ನದಿ ಹಿಡಿದು ಆರ್ಕ್ಟಿಕ್ ಮೂಲಕ ಬಂತು ಅನ್ನೋ ವಾದಕ್ಕೆ ಬಲ ಬಂದಿದೆ. ನನಗೆ ಎರಡನೆಯದೇ ಹೆಚ್ಚು ಒಪ್ಪುವಂಥದ್ದು. ಯಾಕಂದ್ರೆ ಆರ್ಕ್ಟಿಕ್‌ನಿಂದ ಬಂದ ನೀರು ಕರಾವಳಿ ಹಿಡಿದುಕೊಂಡು ಸೀದಾ ಮುಳುಗುವ ಜಾಗಕ್ಕೇ ಹೋಗುತ್ತೆ. ಸೇಂಟ್ ಲಾರೆನ್ಸ್‌ನಿಂದ ಬಂದದ್ದು ಬಹುಪಾಲು ದಕ್ಷಿಣಕ್ಕೆ ತಿರುಗುತ್ತೆ.

ಚಕ್ರ ನಿಧಾನವಾಯ್ತು ಅನ್ನೋದಕ್ಕೆ ಪುರಾವೆ ಬರ್ಮುಡಾ ಬಳಿಯ ಕೆಸರಲ್ಲಿದೆ. ನೀರಲ್ಲಿ ಕರಗಿದ ಯುರೇನಿಯಂನಿಂದ ಪ್ರೊಟ್ಯಾಕ್ಟಿನಿಯಂ-231 ಮತ್ತು ಥೋರಿಯಂ-230 ಎಂದೂ 0.093 ಅನುಪಾತದಲ್ಲೇ ಹುಟ್ಟುತ್ವೆ. ಥೋರಿಯಂ ಬೇಗ ಕಣಗಳಿಗೆ ಅಂಟಿ ತಳ ಸೇರುತ್ತೆ. ಪ್ರೊಟ್ಯಾಕ್ಟಿನಿಯಂ ನಿಧಾನ, ಹರಿವು ಜೋರಿದ್ದರೆ ದಕ್ಷಿಣಕ್ಕೆ ಕೊಚ್ಚಿಕೊಂಡು ಹೋಗುತ್ತೆ. ಹಾಗಾಗಿ ಜೋರು ಹರಿವಿದ್ದಾಗ ಕೆಸರಿನ ಅನುಪಾತ 0.093ಕ್ಕಿಂತ ಬಹಳ ಕೆಳಗೆ. ಸುಮಾರು 17,000 ವರ್ಷಗಳ ಹಿಂದಿನ ಮೊದಲ ಹೈನ್‌ರಿಕ್ ಘಟನೆಯಲ್ಲಿ (ಹಿಮಗಡ್ಡೆಗಳ ದಂಡು ಅಟ್ಲಾಂಟಿಕ್‌ಗೆ ನುಗ್ಗಿದ ಚಳಿ ಅವಧಿ) ಅದು 0.093ಕ್ಕೆ ಹತ್ತಿರ ಬಂತು, ಹರಿವು ಹೆಚ್ಚುಕಡಿಮೆ ನಿಂತ ಹಾಗೆ. ಯಂಗರ್ ಡ್ರಯಾಸ್‌ನಲ್ಲಿ ನಡುವೆ ನಿಂತಿತು: ಕುಗ್ಗಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಈ ಅಳತೆಗೂ ಒಂದು ಮೋಸ ಇದೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಚಿಪ್ಪಿನ ಸಿಲಿಕಾ ಪ್ರೊಟ್ಯಾಕ್ಟಿನಿಯಂ ಅನ್ನು ಎಳೆದುಕೊಳ್ಳುತ್ತೆ. ಅದೇ ಕೋರ್‌ನ ಸಿಲಿಕಾ ಅಳೆಯದೆ ಬರೀ ಅನುಪಾತ ತೋರಿಸಿದರೆ ನಂಬಬೇಡಿ.

ಇನ್ನು ಮುಂಗಾರಿಗೆ ಕೊಂಡಿ. ಉತ್ತರ ಗೋಳ ತಣ್ಣಗಾಗಿ ದಕ್ಷಿಣ ಬೆಚ್ಚಗಾದರೆ ಮಳೆಪಟ್ಟಿ ದಕ್ಷಿಣಕ್ಕೆ ಜಾರುತ್ತೆ. ವೆನೆಜುವೆಲಾದ ಕರಿಯಾಕೊ ಕುಳಿಯಲ್ಲಿ, ಚೀನಾದ ಹುಲು ಗವಿಯಲ್ಲಿ, ಮೇಘಾಲಯದ ಮಾವ್ಮ್ಲು ಗವಿಯಲ್ಲಿ ಎಲ್ಲಾ ಕಡೆ ಇದೇ ಕಥೆ. ಏಷ್ಯಾದ ಒಳನಾಡು ತಡವಾಗಿ ಬಿಸಿಯಾಗುತ್ತೆ, ಸೊಮಾಲಿಯಾ ಕಡೆಯಿಂದ ಬೀಸೋ ಜೂನ್–ಸೆಪ್ಟೆಂಬರ್ ಗಾಳಿ ಸೊರಗುತ್ತೆ, ಚಳಿಗಾಲದ ಒಣ ಈಶಾನ್ಯ ಗಾಳಿ ಬಲಿಯುತ್ತೆ. ಅರಬ್ಬೀ ಕಡಲಿಗೆ ತಲುಪಿದ್ದು ಗಾಳಿ, ಚಳಿ ಅಲ್ಲ.

ಉಪ್ಪುನೀರು

ಮೇಲಿನವರು ಹೇಳಿದ ಕೊನೆ ಸಾಲನ್ನ ಹಿಡಿದು ಮುಂದುವರೀತೀನಿ. ಗಾಳಿ ಬದಲಾದರೆ ಅರಬ್ಬೀ ಸಮುದ್ರದಲ್ಲಿ ಮೊದಲು ಬದಲಾಗೋದು ಉಸಿರಾಟ.

ಇವತ್ತು ಸುಮಾರು 150ರಿಂದ 1,200 ಮೀಟರ್ ನಡುವೆ ಆಮ್ಲಜನಕ ಇಲ್ಲವೇ ಇಲ್ಲ ಅನ್ನೋವಷ್ಟು ಕಮ್ಮಿ. ಮುಂಗಾರು ಗಾಳಿ ಆಳದ ಪೋಷಕ ನೀರನ್ನ ಮೇಲೆತ್ತುತ್ತೆ, ಪಾಚಿ ಬೆಳೆಯುತ್ತೆ, ಸತ್ತು ಕೆಳಗಿಳಿಯುತ್ತೆ, ಕೊಳೆಯುವಾಗ ಆಮ್ಲಜನಕ ತಿಂದು ಹಾಕುತ್ತೆ. ಪಾಕಿಸ್ತಾನದ ತೀರದಾಚೆ, ಈ ವಲಯದ ಒಳಗೆ ಕೂತ ಕೋರ್‌ಗಳಲ್ಲಿ ಬೆಚ್ಚಗಿನ ಅವಧಿಯ ಕೆಸರು ಕಡುಗಪ್ಪು, ಹಾಳೆ ಹಾಳೆಯಾಗಿ ಪದರ. ಹುಳಗಳೇ ಬದುಕದ ಕಡೆ ಕೆಸರನ್ನ ಕದಡೋರು ಯಾರು? ಹೈನ್‌ರಿಕ್ ಘಟನೆಗಳು, ಯಂಗರ್ ಡ್ರಯಾಸ್ ಬಂದಲ್ಲಿ ಕೆಸರು ತಿಳಿಬೂದು, ಸಾವಯವ ಇಂಗಾಲ ಕಮ್ಮಿ, ಪದರ ಅಳಿಸಿ ಹುಳದ ಬಿಲಗಳು. ಆಮ್ಲಜನಕ ತಳ ಮುಟ್ಟಿತು ಅಂತ ಅರ್ಥ. 1998ರಲ್ಲಿ ಪ್ರಕಟವಾದ ಈ ದಾಖಲೆಯನ್ನ ಗ್ರೀನ್‌ಲ್ಯಾಂಡ್ ಗ್ರಾಫ್ ಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗೆ ಕಾಣುತ್ತೆ.

ಇದರಲ್ಲಿ ಎರಡು ಕಾರಣ ಬೆರೆತಿದೆ. ಬೇಸಿಗೆ ಗಾಳಿ ಸೊರಗಿ ಪಾಚಿ ಕಮ್ಮಿಯಾಗಿದ್ದು ಒಂದು. ಚಳಿಗಾಲದ ಒಣಗಾಳಿ ಉತ್ತರ ಅರಬ್ಬೀ ಸಮುದ್ರದ ಮೇಲ್ಮೈಯನ್ನ ತಣ್ಣಗಾಗಿಸಿ, ಆವಿ ಮಾಡಿ, ಉಪ್ಪು ಹೆಚ್ಚಿಸಿ, ಭಾರವಾದ ಆಮ್ಲಜನಕಯುಕ್ತ ನೀರನ್ನ ಆಳಕ್ಕೆ ಇಳಿಸಿದ್ದು ಇನ್ನೊಂದು. ಎರಡನೆಯದಕ್ಕೆ ಗುರುತು ಟೆರೊಪಾಡ್ (ಕಡಲಲ್ಲಿ ತೇಲುವ ಪುಟ್ಟ ಬಸವನಹುಳ) ಚಿಪ್ಪು. ಅವು ಅರಗೊನೈಟ್‌ನವು, ಆಮ್ಲೀಯ ನೀರಲ್ಲಿ ಬೇಗ ಕರಗುತ್ವೆ. ಆ ಚಳಿ ಅವಧಿಗಳಲ್ಲಿ ಅವು ಉಳಿದುಕೊಂಡಿವೆ, ಅಂದರೆ ನೀರಿಗೆ ಚೆನ್ನಾಗಿ ಗಾಳಿ ಆಡಿತ್ತು.

ಸಾರಜನಕ-15 ಕೂಡ ನೋಡಿ. ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾ ನೈಟ್ರೇಟ್ ಉಸಿರಾಡುತ್ವೆ, ಹಗುರ ಸಾರಜನಕವನ್ನ ಮೊದಲು ಬಳಸುತ್ವೆ, ಉಳಿದದ್ದು ಭಾರ. ಜಾಗತಿಕ ಆಳಸಾಗರದ ನೈಟ್ರೇಟ್ ಸುಮಾರು 5 ಪರ್ ಮಿಲ್ (ಮಾನಕಕ್ಕಿಂತ ಸಾವಿರಕ್ಕೆ 5 ಪಾಲು ಹೆಚ್ಚು). ಅರಬ್ಬೀ ಕೆಸರಲ್ಲಿ ಬೆಚ್ಚಗಿನ ಕಾಲದಲ್ಲಿ ಅದಕ್ಕಿಂತ ಚೆನ್ನಾಗಿ ಮೇಲೆ, ಚಳಿ ಘಟನೆಗಳಲ್ಲಿ 5ರ ಕಡೆಗೆ ಇಳಿಯುತ್ತೆ. ಈ ಸಂಕೇತ ಇಡೀ ಕಡಲಿನದು, ಹಾಗಾಗಿ 1,800 ಮೀಟರಿನ ನಿಮ್ಮ ಕೋರ್‌ನಲ್ಲೂ ಸಿಗುತ್ತೆ. ಪದರದ ಗುರುತು ಮಾತ್ರ ಸಿಗೋದಿಲ್ಲ, ಅಷ್ಟು ಆಳದಲ್ಲಿ ಇವತ್ತೂ ಆಮ್ಲಜನಕ ಇದೆ.

ಒಂದು ಎಚ್ಚರಿಕೆ. ಒಮಾನ್ ಕಡೆ ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬ ಫೊರಾಮ್‌ನ ಶೇಕಡಾವಾರು ಏರಿದರೆ ಮುಂಗಾರು ಜೋರು ಅಂತ ಓದ್ತಾರೆ, ಅಲ್ಲಿ ಅದು ಸರಿ. ಆ ಸೂತ್ರವನ್ನ ಮಂಗಳೂರಿಗೆ ಹಚ್ಚಬೇಡಿ. ನಮ್ಮ ತೀರದಲ್ಲಿ ಜೋರು ಮಳೆ ಸಿಹಿನೀರಿನ ಮುಚ್ಚಳ ಹಾಕುತ್ತೆ, ಹಿಮಯುಗದಲ್ಲಿ ಚಳಿಗಾಲದ ಗಾಳಿಯೇ ಪಾಚಿ ಬೆಳೆಸಿದ ದಾಖಲೆಗಳೂ ಪೂರ್ವ ಅರಬ್ಬೀ ಕಡೆ ಇವೆ. ಪಶ್ಚಿಮದಲ್ಲಿ ಇಳಿದದ್ದು ಪೂರ್ವದಲ್ಲಿ ಏರಿರಬಹುದು.

ಕೆಸರುಕೋಲು

ಸಾರಜನಕ ಒಪ್ಪಿದೆ. ಆದರೆ ತಾಪಮಾನ ಇಳಿಯದೇ ಇರೋದು ನಿಜವೋ, ವಿಧಾನದ ತಪ್ಪೋ ಅಂತ ಗೊತ್ತಾಗೋದು ಹೇಗೆ? 1 ಡಿಗ್ರಿ ಆದ್ರೂ ಇಳೀಬೇಕಿತ್ತಲ್ವಾ?

ಜರಡಿ 63

ಇದಕ್ಕೆ ನಾನು ಉತ್ತರ ಕೊಡ್ತೀನಿ, ಯಾಕಂದ್ರೆ ಇಲ್ಲೇ ಹೆಚ್ಚು ಜನ ಜಾರಿ ಬೀಳೋದು.

ಸಾಮಾನ್ಯವಾಗಿ ಬಳಸೋ ಸಮೀಕರಣದಲ್ಲಿ ಅನುಪಾತ = 0.38 × ಇ ಘಾತ (0.09 × ತಾಪಮಾನ). ಲೀಟರ್–ಮೋಲ್ ಗೊಂದಲ ಬೇಡ, ಘಟಕ ಮಿಲಿಮೋಲ್ ಪ್ರತಿ ಮೋಲ್. 4.2 ಬಂದರೆ 26.7 ಡಿಗ್ರಿ, 3.8 ಬಂದರೆ 25.6. ಅಂದ್ರೆ 1 ಡಿಗ್ರಿಗೆ ಶೇ. 9 ಬದಲಾವಣೆ. ಆದರೆ ಚಿಪ್ಪಿನ ಮೆಗ್ನೀಸಿಯಂ ಉಪ್ಪಿಗೂ ಸ್ಪಂದಿಸುತ್ತೆ: 1 ಯೂನಿಟ್ ಉಪ್ಪು ಏರಿದರೆ ಸುಮಾರು ಶೇ. 4 ಹೆಚ್ಚು. ಈಗ ಯೋಚಿಸಿ. ಮುಂಗಾರು ಸೊರಗಿತು, ಪಶ್ಚಿಮಘಟ್ಟದ ಹೊಳೆಗಳ ನೀರು ಕಮ್ಮಿ, ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯಿಂದ ಶ್ರೀಲಂಕಾ ಬಳಸಿ ನಮ್ಮ ತೀರಕ್ಕೆ ಬರೋ ಸಿಹಿನೀರೂ ಕಮ್ಮಿ, ಮೇಲ್ಮೈ ಉಪ್ಪು 1 ಯೂನಿಟ್ ಏರಿತು. ಕಡಲು ನಿಜವಾಗಿ 1 ಡಿಗ್ರಿ ಆರಿದ್ದರೂ ಲೆಕ್ಕದಲ್ಲಿ ಸುಮಾರು ಅರ್ಧ ಡಿಗ್ರಿ ಮಾತ್ರ ಕಾಣುತ್ತೆ. ಯಾವ ಘಟನೆಯಲ್ಲಿ ಚಳಿ ಹುಡುಕ್ತಿದ್ದೀರೋ, ಅದೇ ಘಟನೆ ಉಪ್ಪು ಹಾಕಿ ಚಳಿಯನ್ನ ಮುಚ್ಚಿಡುತ್ತೆ.

ಆಲ್ಕೆನೋನ್ (ಪಾಚಿ ತಯಾರಿಸುವ ಕೊಬ್ಬಿನಂಥ ಅಣು) ಬಳಸಿದ್ರೆ ಉಪ್ಪಿನ ಕಾಟ ಕಮ್ಮಿ, ಆದರೆ ಅದರ ಸೂಚ್ಯಂಕ 28.3 ಡಿಗ್ರಿ ಹತ್ತಿರ 1ಕ್ಕೆ ಮುಟ್ಟಿ ನಿಲ್ಲುತ್ತೆ. ಬೆಚ್ಚಗಿನ ಭಾಗ ಚಪ್ಪಟೆಯಾಗಿ ಇಳಿತ ಚಿಕ್ಕದಾಗಿ ಕಾಣಬಹುದು.

ಶುದ್ಧೀಕರಣದ ಕ್ರಮ ಒಮ್ಮೆ ತಾಳೆ ನೋಡಿಕೊಳ್ಳಿ. 63 ಮೈಕ್ರಾನ್ ಜರಡಿಯಲ್ಲಿ ನೀರು ಹಾಯಿಸಿ ತೊಳೆದು, 45–50 ಡಿಗ್ರಿ ಮೀರದಂತೆ ಒಣಗಿಸಿ, ಗ್ಲೋಬಿಜೆರಿನಾಯ್ಡಿಸ್ ರೂಬರ್ ಎಂಬ ಫೊರಾಮ್‌ನಲ್ಲಿ ಬಿಳಿಯದನ್ನ 250–355 ಮೈಕ್ರಾನ್ ಗಾತ್ರದಲ್ಲಿ ಮಾತ್ರ ಆರಿಸಿ. ಗಾತ್ರ ಬೆರೆಸಿದರೆ ಅನುಪಾತವೂ ಬೆರೆಯುತ್ತೆ. ಗಾಜಿನ ಎರಡು ತಟ್ಟೆ ನಡುವೆ ಮೆಲ್ಲಗೆ ಒತ್ತಿ ಕೋಣೆಗಳು ತೆರೆಯುವಷ್ಟೇ ಒಡೆಯಿರಿ, ಪುಡಿ ಮಾಡಬೇಡಿ. ಅತಿಶುದ್ಧ ನೀರಲ್ಲಿ ಅಲ್ಟ್ರಾಸಾನಿಕ್ ನಾಲ್ಕೈದು ಸಲ, ಮೆಥನಾಲ್‌ನಲ್ಲಿ ಎರಡು ಸಲ. ಆಮೇಲೆ ಕ್ಷಾರ ಬೆರೆಸಿದ ಶೇ. 1ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 10 ನಿಮಿಷ ಬಿಸಿನೀರಿನ ಸ್ನಾನ. ಕೊನೆಗೆ 0.001 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ 30 ಸೆಕೆಂಡ್, ತಕ್ಷಣ ತೊಳೆಯಿರಿ. ಈ ಕೊನೆ ಹಂತದಲ್ಲಿ ಕೈ ನಿಧಾನವಾದರೆ ಮೆಗ್ನೀಸಿಯಂ ಹೆಚ್ಚಿರೋ ಭಾಗವೇ ಮೊದಲು ಕರಗಿ ಸುಳ್ಳು ಚಳಿ ಹುಟ್ಟುತ್ತೆ. ತದ್ವಿರುದ್ಧವಾಗಿ ಜೇಡಿ ಉಳಿದರೆ ಸುಳ್ಳು ಬಿಸಿ. ಕಬ್ಬಿಣ–ಮೆಗ್ನೀಸಿಯಂ ಅನುಪಾತ 0.1 ದಾಟಿದ ಸ್ಯಾಂಪಲ್ ಪಕ್ಕಕ್ಕಿಡಿ. ನಮ್ಮ ಕರಾವಳಿ ಕೆಸರಲ್ಲಿ ಲ್ಯಾಟರೈಟ್ ಮಣ್ಣಿನ ಪಾಲು ಇರೋದರಿಂದ ಈ ಪರೀಕ್ಷೆ ಬಿಡಲೇಬಾರದು.

ಉಪ್ಪು ಲೆಕ್ಕ ಹೀಗೆ. ಚಿಪ್ಪಿನ ಆಮ್ಲಜನಕ-18 ಮೌಲ್ಯದಿಂದ ತಾಪಮಾನದ ಪಾಲು ಕಳೆಯಿರಿ, ಡಿಗ್ರಿಗೆ 0.22 ಪರ್ ಮಿಲ್. ಹಿಮರಾಶಿಯ ಪಾಲು ಕಳೆಯಿರಿ, ಕಡಲಮಟ್ಟ 10 ಮೀಟರ್ ಬದಲಾದರೆ ಸುಮಾರು 0.08. ಉಳಿದದ್ದು ನೀರಿನದ್ದು. ಹಿಗ್ಗಬೇಡಿ: ತಾಪಮಾನದಲ್ಲಿ 1 ಡಿಗ್ರಿ ದೋಷ, ಐಸೋಟೋಪ್‌ನಲ್ಲಿ 0.08 ದೋಷ ಸೇರಿದರೆ 0.23. ಪೂರ್ವ ಅರಬ್ಬೀ ಕಡಲಲ್ಲಿ 1 ಯೂನಿಟ್ ಉಪ್ಪಿಗೆ 0.27ರ ಆಸುಪಾಸು ಅಂತ ಹಿಡಿದರೆ ಉಪ್ಪಿನಲ್ಲಿ ದೋಷವೇ 0.9 ಯೂನಿಟ್. ಒಂದು ಬಿಂದು ನಂಬಿ "ಉಪ್ಪು ಏರಿತು" ಅನ್ನೋಕಾಗಲ್ಲ. ಆರೇಳು ಬಿಂದು ಒಟ್ಟಿಗೆ ಒಂದೇ ಕಡೆ ವಾಲಿದರೆ ಮಾತಾಡಿ.

ಕಾಲಗಣಿತ

ತಾಪಮಾನದ ಚರ್ಚೆಗೂ ಮುಂಚೆ ಕೇಳಬೇಕಿದ್ದದ್ದು ಯಾರೂ ಕೇಳಿಲ್ಲ: ಕೆಸರು ಶೇಖರಣೆ ವೇಗ ಎಷ್ಟು?

ಸಾವಿರ ವರ್ಷಕ್ಕೆ 5 ಸೆಂ.ಮೀ. ಆದರೆ 1,200 ವರ್ಷದ ಯಂಗರ್ ಡ್ರಯಾಸ್ ಅಂದರೆ 6 ಸೆಂ.ಮೀ., ಅಂದರೆ ಮೂರು ಸ್ಯಾಂಪಲ್. ಹುಳಗಳು ಕದಡುವ ಪದರ 8 ಸೆಂ.ಮೀ. ಇದ್ದರೆ 1,600 ವರ್ಷದ ಚಿಪ್ಪುಗಳು ಬೆರೆತುಹೋಗಿವೆ. ಘಟನೆಗಿಂತ ಕದಡಿಕೆಯೇ ದೊಡ್ಡದು. ಅಂಥ ಕೋರ್‌ನಲ್ಲಿ 3 ಡಿಗ್ರಿ ಇಳಿದಿದ್ದರೂ ಬೋಳಾಗಿ ಕಾಣುತ್ತೆ. ಶೇಖರಣೆ ಸಾವಿರ ವರ್ಷಕ್ಕೆ 10 ಸೆಂ.ಮೀ. ಇದ್ದರೆ ಮಸುಕಾಗಿ ಸಿಗುತ್ತೆ. ಸಾವಿರ ವರ್ಷಕ್ಕೆ 30 ಸೆಂ.ಮೀ. ಮೇಲಿದ್ದರೆ ಮಾತ್ರ ಆರಂಭ, ನಡು, ಕೊನೆ ಅಂತ ಬೇರೆ ಮಾಡೋ ಧೈರ್ಯ ಮಾಡಿ.

ಕಾರ್ಬನ್-14ಕ್ಕೆ 8 ಮಿ.ಗ್ರಾಂ. ಚಿಪ್ಪು ಬೇಕು ಅಂದರೆ ರೂಬರ್ ಏಳೆಂಟು ನೂರು ಬೇಕಾಗುತ್ತೆ. ಅಷ್ಟು ಸಿಗಲ್ಲ ಅಂತ ನಾಲ್ಕು ಸೆಂ.ಮೀ. ಸ್ಯಾಂಪಲ್ ಒಟ್ಟುಗೂಡಿಸೋರಿದ್ದಾರೆ. ದಯವಿಟ್ಟು ಬೇಡ, ಕಡಿಮೆ ತೂಕಕ್ಕೆ ಅಳೆಯೋ ಪ್ರಯೋಗಾಲಯಕ್ಕೆ ಕಳಿಸಿ.

ಇನ್ನೆರಡು ಬಲೆ. ಮರೀನ್20 ವಕ್ರರೇಖೆಯಲ್ಲಿ (ಕಡಲ ಕಾರ್ಬನ್-14 ವಯಸ್ಸನ್ನ ನಿಜ ವರ್ಷಕ್ಕೆ ತಿರುಗಿಸೋದು) ಜಾಗತಿಕ ಮೇಲ್ಮೈ ನೀರಿನ ಕಾರ್ಬನ್ ವಯಸ್ಸು ಹಿಂದಿನ 400ರ ಬದಲು 550 ವರ್ಷದ ಆಸುಪಾಸಿಗೆ ಬಂದಿದೆ. ಅರಬ್ಬೀ ಕಡಲಿಗೆ ಹಳೇ ಲೇಖನದಲ್ಲಿ ಕೊಟ್ಟ ಸ್ಥಳೀಯ ತಿದ್ದುಪಡಿಯನ್ನ ಹಾಗೇ ಹೊಸ ವಕ್ರರೇಖೆಗೆ ಹಾಕಿದರೆ ಒಂದೂವರೆ ಶತಮಾನ ತಪ್ಪುತ್ತೆ, ಹೊಸದಾಗಿ ಲೆಕ್ಕ ಹಾಕಿ. ಎರಡನೇದು, ಆ ತಿದ್ದುಪಡಿಯೇ ಸ್ಥಿರವಲ್ಲ. ಐಸ್‌ಲ್ಯಾಂಡ್‌ನ ವೆಡ್ಡೆ ಜ್ವಾಲಾಮುಖಿ ಬೂದಿ ಯಂಗರ್ ಡ್ರಯಾಸ್ ನಡುವೆ, ಸುಮಾರು 12,100 ವರ್ಷಗಳ ಹಿಂದೆ, ನೆಲದ ಮೇಲೂ ಕಡಲಲ್ಲೂ ಬಿದ್ದಿದೆ. ಎರಡೂ ಕಡೆ ಕಾರ್ಬನ್ ಹೋಲಿಸಿದಾಗ ಉತ್ತರ ಅಟ್ಲಾಂಟಿಕ್ ಮೇಲ್ಮೈ ನೀರು ನೆಲಕ್ಕಿಂತ 700–800 ವರ್ಷ ಹಳೆಯದಾಗಿ ಕಂಡಿತು, ಇವತ್ತಿಗೆ ಅದು 400. ಮೇಲ್ಹರಿವು ಏರುಪೇರಾದ ಅರಬ್ಬೀ ಕಡಲು ಮಾತ್ರ ಅಲುಗದೆ ಕೂತಿತ್ತು ಅಂತ ಅಂದುಕೊಳ್ಳೋಕೆ ಕಾರಣ ಇಲ್ಲ. ಅದರ ಮೇಲೆ, 10,000 ಕಾರ್ಬನ್ ವರ್ಷದ ಹತ್ತಿರ ವಕ್ರರೇಖೆಯಲ್ಲಿ ಪ್ರಸ್ಥಭೂಮಿ ಇದೆ, ಅಂದರೆ ಬೇರೆ ಬೇರೆ ವರ್ಷಗಳಿಗೆ ಒಂದೇ ಕಾರ್ಬನ್ ವಯಸ್ಸು ಬರುತ್ತೆ, ಘಟನೆಯ ಕೊನೆ ಸರಿಯಾಗಿ ಅಲ್ಲೇ ಬೀಳುತ್ತೆ. ಹಾಗಾಗಿ "ಗ್ರೀನ್‌ಲ್ಯಾಂಡ್‌ಗಿಂತ 150 ವರ್ಷ ತಡವಾಗಿ ಮುಂಗಾರು ಚೇತರಿಸಿತು" ಅನ್ನೋ ವಾಕ್ಯವನ್ನ ಕಡಲ ಕೋರ್ ಮೇಲೆ ಬರೆಯೋಕಾಗಲ್ಲ. ಯುರೇನಿಯಂ–ಥೋರಿಯಂ ಕಾಲಮಾನ ಇರೋ ಗವಿಯ ಸುಣ್ಣಕಂಬಗಳಿಗೆ ಆ ಮಾತು ಬಿಡಿ.

ಗುಡ್ಡದಂಚು

ನೆಲದ ಮೇಲೆ ನಮಗೆ ಹತ್ತಿರದ ಸಾಕ್ಷಿ ನೀಲಗಿರಿಯ ಪೀಟ್ (ಜೌಗಿನಲ್ಲಿ ಅರೆಕೊಳೆತ ಸಸ್ಯದ ಪದರ) ಅಲ್ವಾ? ಅದನ್ನ ಹೋಲಿಸಬಹುದಾ? ಹಾಗೇ 8,200 ವರ್ಷದ ಹಿಂದಿನ ಘಟನೆ ಆ ಕೋರ್‌ನಲ್ಲಿ ಸಿಗುತ್ತಾ? ಧೂಮಕೇತು ಬಡಿದು ಯಂಗರ್ ಡ್ರಯಾಸ್ ಆಯ್ತು ಅನ್ನೋದರ ಕತೆ ಏನಾಯ್ತು?

ಪಡುಗಾಳಿ

ಕೊನೆಯದು ಮೊದಲು: 2007ರಲ್ಲಿ ಬಂದ ವಾದ. ಹಳೆಯ ಹಿಮ ಅವಧಿಯಲ್ಲಿ ಇದೇ ಥರದ ಏರಿಳಿತ ಇಪ್ಪತ್ತಕ್ಕೂ ಹೆಚ್ಚು ಸಲ ಆಗಿದೆ. ಪ್ರತಿ ಸಲಕ್ಕೂ ಒಂದು ಧೂಮಕೇತು ಹುಡುಕೋಕಾಗುತ್ತಾ?

ಪೀಟ್‌ನಲ್ಲಿ ಇಂಗಾಲ-13 ಹುಲ್ಲುಗಾವಲು ಮತ್ತು ಕಾಡಿನ ಪಾಲು ಹೇಳುತ್ತೆ. ಹಿಮಯುಗದ ಒಣಗಾಲ, ಆಮೇಲಿನ ಹಸಿಗಾಲ ದೊಡ್ಡದಾಗಿ ಕಾಣುತ್ತೆ. ಶತಮಾನದ ನಿಖರತೆಗೆ ಅದನ್ನ ಎಳೆಯಬೇಡಿ.

8,200ರ ಘಟನೆ ಬೇರೆ ಜಾತಿಯದು. ಕೆನಡಾದ ಹಡ್ಸನ್ ಕೊಲ್ಲಿ ಮೇಲಿನ ಹಿಮದ ಕಟ್ಟೆ ಒಡೆದು ಅಗಾಸಿಜ್–ಓಜಿಬ್ವೇ ಸರೋವರ ಬರಿದಾಯಿತು, ಸುಮಾರು 1,63,000 ಘನ ಕಿ.ಮೀ. ಒಂದೇ ವರ್ಷದಲ್ಲಿ ಹರಿದಿದ್ದರೆ 5 ಸ್ವೆರ್‌ಡ್ರಪ್. ಗ್ರೀನ್‌ಲ್ಯಾಂಡ್‌ನಲ್ಲಿ 3 ಡಿಗ್ರಿಗಿಂತ ತುಸು ಹೆಚ್ಚು ಇಳಿತ, ಒಟ್ಟು ಅವಧಿ 160 ವರ್ಷ. ಇಲ್ಲಿ ಮಾದರಿಗಾರರಿಗೆ ತಲೆನೋವು: ಬರೀ ಒಂದು ವರ್ಷದ ಪ್ರವಾಹ ಸುರಿದರೆ ಚಕ್ರ ಬೇಗ ಚೇತರಿಸಿಕೊಳ್ಳುತ್ತೆ, 160 ವರ್ಷ ಎಳೆಯೋದಿಲ್ಲ. ಕೊಲ್ಲಿ ಮೇಲಿನ ಹಿಮದ ಜೀನು (ಎರಡು ಹಿಮಗುಮ್ಮಟಗಳ ನಡುವಿನ ತಗ್ಗಾದ ಸೇತುವೆ) ಕುಸಿದು ದಶಕಗಟ್ಟಲೆ ಕರಗಿದ ನೀರನ್ನೂ ಸೇರಿಸಿದರೆ ಅವಧಿ ಹೊಂದುತ್ತೆ. ಸರೋವರದ ಕತೆ ಹೆಚ್ಚು ರೋಚಕ ಅಂತ ಪಠ್ಯಪುಸ್ತಕದಲ್ಲಿ ಅದೊಂದೇ ಉಳಿದಿದೆ.

ಮುಂಗಾರು ಆಗಲೂ ಸೊರಗಿತು, ಒಮಾನ್‌ನ ಕುನ್ಫ್ ಗವಿಯಲ್ಲಿ ಅದರ ಗುರುತು ಇದೆ. ನಿಮ್ಮ ಕೋರ್‌ನಲ್ಲಿ ಸಿಗುತ್ತಾ ಅನ್ನೋದಕ್ಕೆ ಕಾಲಗಣಿತ ಅವರ ಲೆಕ್ಕವೇ ಉತ್ತರ. ಸಾವಿರ ವರ್ಷಕ್ಕೆ 10 ಸೆಂ.ಮೀ. ಆದರೆ 160 ವರ್ಷ ಅಂದರೆ 1.6 ಸೆಂ.ಮೀ. ಹುಳಕ್ಕೆ ಒಂದು ತುತ್ತು.

ಕೆಸರುಕೋಲು

ಹಾಗಾದ್ರೆ ಕ್ರಮ ಹೀಗೆ ಇಟ್ಕೋತೀನಿ: ಮೊದಲು ಶೇಖರಣೆ ವೇಗ, ಆಮೇಲೆ ಸಾರಜನಕ-15 ಮತ್ತು ಸಾವಯವ ಇಂಗಾಲ, ಅದು ಅಲುಗಿದರೆ ಮಾತ್ರ ಅದೇ ಸ್ತರದಲ್ಲಿ ಜೋಡಿ ಅಳತೆ (ಚಿಪ್ಪಿನ ಮೆಗ್ನೀಸಿಯಂ ಮತ್ತು ಆಮ್ಲಜನಕ-18). ಸಾರಜನಕಕ್ಕೆ ಕೆಸರನ್ನ ಆಮ್ಲದಲ್ಲಿ ತೊಳೆಯಬೇಕಾ?

ಉಪ್ಪುನೀರು

ಬೇಡ. ಆಮ್ಲ ಸಾವಯವ ಇಂಗಾಲದ ಅಳತೆಗೆ ಮಾತ್ರ, ಸುಣ್ಣ ತೆಗೆಯೋಕೆ. ಸಾರಜನಕಕ್ಕೆ ತೊಳೆದರೆ ಸ್ವಲ್ಪ ಭಾಗ ನೀರಿನ ಜೊತೆ ಹೋಗಿ ಮೌಲ್ಯ ಸರಿಯುತ್ತೆ. ಒಂದೇ ಸ್ಯಾಂಪಲ್ ಎರಡು ಪಾಲು ಮಾಡಿ, ಒಂದಕ್ಕೆ ಆಮ್ಲ, ಇನ್ನೊಂದು ಹಾಗೇ.